ಒಂದು ಪೇರಲ ಗಿಡಕ್ಕೆ ನೂರು ಪ್ರಶ್ನೆ

ರಾಣೆಬೆನ್ನೂರಿನಲ್ಲಿ ಬೀಜ, ಗೊಬ್ಬರ, ಕೀಟನಾಶಕ ಮಾರುವ ಅಂಗಡಿ ಇಟ್ಟುಕೊಂಡು ನನಗೆ ಇಪ್ಪತ್ತು ವರ್ಷವಾಯಿತು. ಎಂಟೆಕರೆ ಗೋವಿನಜೋಳಕ್ಕೆ ಔಷಧಿ ಒಯ್ಯುವವರು ಎರಡು ನಿಮಿಷದಲ್ಲಿ ಹೊರಡುತ್ತಾರೆ. ಹಿತ್ತಿಲಲ್ಲಿ ಒಂದೇ ಪೇರಲ ಗಿಡ ಇರುವವರು ಮಾತ್ರ ಕುರ್ಚಿ ಎಳೆದುಕೊಂಡು ಕೂಡುತ್ತಾರೆ. ತಪ್ಪು ಅವರದಲ್ಲ, ಆ ಹಣ್ಣು ತಿನ್ನುವವರು ಅವರ ಮನೆಯ ಮಕ್ಕಳೇ. ಹೀಗಾಗಿ ವಾರಕ್ಕೊಂದು ಪ್ರಸಂಗ ನನಗೆ ತಪ್ಪಿದ್ದಲ್ಲ.

೧. ಮಾಸ್ತರರ ಬೋರ್ಡು

ನಮ್ಮ ಓಣಿಯ ನಿವೃತ್ತ ಮಾಸ್ತರರ ಮನೆಮುಂದೆ ದಾಳಿಂಬೆ ಗಿಡ ಇದೆ. ಓಣಿಯ ಹುಡುಗರು ಕಂಪೌಂಡ್ ಹತ್ತಿ ಹಣ್ಣು ಹರಿಯುತ್ತಾರೆ. ಗಿಡಕ್ಕೆ ಹುಳ ಬಿದ್ದಾಗ ಮಾಸ್ತರರಿಗೆ ಆ ಹುಡುಗರದೇ ಚಿಂತೆ.

"ಹೊಡೆದ ಮ್ಯಾಲೆ ಎಷ್ಟು ದಿನ ತಿನ್ನಬಾರದು?" ಎಂದರು. ಡಬ್ಬಿಯ ಮೇಲಿನ ಚೀಟಿ ಓದಿ, "ಎಂಟು ದಿನ ಬಿಡ್ರಿ ಸರ್" ಎಂದೆ.

ಅವರು ಗಿಡಕ್ಕೊಂದು ಕರಿ ಹಲಗೆ ತೂಗುಹಾಕಿದರು. 'ಔಷಧಿ ಹೊಡೆದಿದೆ. ಸೋಮವಾರದವರೆಗೆ ಯಾರೂ ಹಣ್ಣು ತಿನ್ನಬಾರದು.' ಎಂಟು ದಿನ ಒಂದು ಕೈಯೂ ಗಿಡಕ್ಕೆ ಹೋಗಲಿಲ್ಲ. ಮಂಗಳವಾರ ಬೆಳಿಗ್ಗೆ ಎದ್ದು ನೋಡಿದರೆ ಗಿಡದಲ್ಲಿ ಒಂದು ಹಣ್ಣೂ ಇಲ್ಲ. ಹಲಗೆಯ ಕೆಳಗೆ ಸೀಮೆಸುಣ್ಣದಲ್ಲಿ, 'ಮಂಗಳವಾರ ತಿಂದೇವಿ ಸರ್' ಎಂದು ಬರೆದಿತ್ತು.

ಮಾಸ್ತರರು ಅದನ್ನು ನನಗೆ ತೋರಿಸಿ, "ಏನ ಅನ್ರಿ, ಅಕ್ಷರ ದುಂಡಗ ಬರದಾರ" ಎಂದರು.

೨. ಕುಂಕುಮದ ಹುಳ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಯಾಕೆ ಬಂದಿದ್ದರು. ಅವರ ಪೇರಲ ಗಿಡಕ್ಕೆ ಹಿಟ್ಟು ಚೆಲ್ಲಿದಂತೆ ಬಿಳಿ ಹುಳ ಹತ್ತಿತ್ತು.

"ವಿಷ ಒಲ್ಲೆ ಅಣ್ಣಾರ. ಮೊಮ್ಮಗಳು ಗಿಡದಾಗಿಂದ ಹರಕೊಂಡು ಹಂಗ ತಿಂತಾಳ."

"ಹಂಗಾದ್ರ ಮೊದಲ ಸೋಪಿನ ನೀರು ಹೊಡದು ನೋಡ್ರಿ" ಎಂದೆ. ಅವರಿಗೆ ಅದು ತೀರ ಸಪ್ಪೆ ಅನ್ನಿಸಿತು. ಮೆಣಸಿನಕಾಯಿ ಕಷಾಯಕ್ಕೆ ಹುಳ ಸಾಯುತ್ತದೆಂದು ಮೊಬೈಲಿನಲ್ಲಿ ನೋಡಿದ್ದರು. ಮನೆಯಲ್ಲಿ ಚೀಲಗಟ್ಟಲೆ ಇತ್ತು.

ವಾರ ಬಿಟ್ಟು ಬಂದು ಫೋಟೋ ತೋರಿಸಿದರು. ಎಲೆ, ಗೋಡೆ, ಹುಳ, ಎಲ್ಲವೂ ಕೆಂಪಗೆ.

"ಸತ್ತುವೇನ್ರಿ?"

"ಎಲ್ಲಿ ಸಾಯ್ತಾವ್ರಿ, ಕುಂಕುಮ ಹಚಗೊಂಡ ಮುತ್ತೈದ್ಯಾರಂಗ ಅಡ್ಡಾಡಾಕತ್ತಾವ."

ನಿಮ್ಮೂರ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂದೆ. ಅವರ ಮುಖ ಸಣ್ಣದಾಯಿತು.

"ಊರ ಮೆಣಸಿನಕಾಯಿಗೆ ಏನೂ ಅನಬ್ಯಾಡ್ರಿ ಅಣ್ಣಾರ. ಸೋಪ್ ಎಷ್ಟು ಹಾಕಬೇಕು, ಅಷ್ಟ ಹೇಳ್ರಿ."

೩. ಅಕ್ಕನ ಮನೆಯ ಎಣ್ಣೆ

ನಮ್ಮ ಕಡೆ ಗಿಡಕ್ಕೆ ಔಷಧಿ ಸಿಂಪಡಿಸುವುದಕ್ಕೆ 'ಎಣ್ಣಿ ಹೊಡಿಯೂದು' ಅನ್ನುತ್ತಾರೆ. ಆ ಮಾತಿಗೆ ಬೇರೆ ಅರ್ಥವೂ ಇರುವುದು ಕುಪ್ಪೇಲೂರಿನ ನಮ್ಮ ಅಕ್ಕನಿಗೆ ಹೊಳೆದಿರಲಿಲ್ಲ.

ಅವಳ ಮಗಳನ್ನು ನೋಡಲು ಮಂಡ್ಯದ ಕಡೆಯಿಂದ ಹುಡುಗ, ಅವನ ತಾಯಿ, ಸೋದರಮಾವ ಬರುವವರಿದ್ದರು. ನಾನೂ ಹೋಗಿದ್ದೆ. ಹನ್ನೊಂದಕ್ಕೆ ಎಂದವರು ಒಂಬತ್ತಕ್ಕೇ ಬಂದರು. ಭಾವ ಇನ್ನೂ ಹಿತ್ತಿಲಲ್ಲಿ ಲಿಂಬೆ ಗಿಡದ ಹತ್ತಿರ ಇದ್ದರು.

"ಯಜಮಾನ್ರು ಎಲ್ಲಿ?" ಎಂದರು ಹುಡುಗನ ತಾಯಿ.

"ಹಿತ್ತಲದಾಗ ಎಣ್ಣಿ ಹೊಡ್ಯಾಕತ್ತಾರ್ರಿ. ಬರ್ತಾರ, ಕುಂದ್ರಿ" ಎಂದಳು ಅಕ್ಕ.

ಆಕೆ ಗೋಡೆಯ ಗಡಿಯಾರ ನೋಡಿದರು. "ದಿನಾ ಬೆಳಿಗ್ಗೇನಾ?"

"ಇಲ್ರಿ, ತಿಂಗಳಿಗೊಮ್ಮೆ. ಬಿಸಲಾಗ ಹೊಡದರ ತಲಿ ತಿರಗತೈತಿ, ಅದಕ್ಕ ತಂಪೊತ್ತಿನ್ಯಾಗ ಮುಗಸ್ತಾರ."

"ನೀವು ಏನೂ ಅನ್ನಲ್ವಾ?"

"ಅಂತೀನ್ರಿ. ಹೊಡದ ಮ್ಯಾಲೆ ಜಳಕಾ ಮಾಡಲಾರದ ಯಾರನ್ನೂ ಮುಟ್ಟಬ್ಯಾಡ್ರಿ ಅಂತ ಕಡಕ್ ಹೇಳೇನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮಗಳ ಗುಣಗಾನಕ್ಕೆ ಇಳಿದಳು. "ಅವರಪ್ಪಗ ಅಳತಿ ತಿಳಿಯಂಗಿಲ್ರಿ, ಹೆಚ್ಚು ಹಾಕ್ಕೋತಾರ. ಅದಕ್ಕ ಈಕೀನ ನೀರು ಬೆರಸಿ ಕೊಡ್ತಾಳ."

ಹುಡುಗನ ಚಹಾದ ಕಪ್ಪು ತುಟಿಯ ಹತ್ತಿರವೇ ನಿಂತಿತು. ಅದೇ ಹೊತ್ತಿಗೆ ಭಾವ ಮುಖಕ್ಕೆ ಟವೆಲು ಸುತ್ತಿಕೊಂಡು, ಕೆಂಪು ಕಣ್ಣಿನಲ್ಲಿ, ಬೆನ್ನ ಮೇಲಿನ ಪಂಪಿನ ಸಮೇತ ಬಾಗಿಲಿಗೆ ಬಂದರು. ಲಿಂಬೆ ಗಿಡದ ಹುಳಕ್ಕೆ ಔಷಧಿ ಹೊಡೆಯುತ್ತಿದ್ದರೆಂದು ನಾನು ಅವಸರದಲ್ಲಿ ಬಿಡಿಸಿ ಹೇಳಿದೆ. ಹುಡುಗನ ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಳತೆ ತಪ್ಪದ ಹುಡುಗಿ ಅವರಿಗೆ ಹಿಡಿಸಿದಳು. ಮಧ್ಯಾಹ್ನದ ಊಟಕ್ಕೆ ಮೊದಲೇ ಸಂಬಂಧ ಕೂಡಿತು.

ಅಲ್ಲಿಯತನಕ ಹುರುಪಿನಿಂದ ಕೂತಿದ್ದ ಸೋದರಮಾವ ಮಾತ್ರ ಯಾಕೋ ಸಪ್ಪಗಾಗಿದ್ದರು. ಕೈ ತೊಳೆಯಲು ಹಿತ್ತಿಲಿಗೆ ಕರೆದೊಯ್ದಾಗ ಲಿಂಬೆ ಗಿಡವನ್ನು ಒಂದು ಗಳಿಗೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದರು:

"ಅಂದ್ರೆ, ಈ ಮನೇಲಿ ಇರೋದು ಅದೊಂದೇ ಎಣ್ಣೆನಾ?"