ಹೊಸ್ತಿಲಾಚೆಯ ಅಮೀನ

ಮೀನು-ಚಿಪ್ಸ್ ಅಂಗಡಿಯ ಮುಂದೆ ಕ್ಲಿಫರ್ಡ್ ಕಾರು ನಿಲ್ಲಿಸಿದ್ದು ಏಳೇ ನಿಮಿಷ. ಅದಕ್ಕೆ ಬಿದ್ದ ಎಪ್ಪತ್ತು ಪೌಂಡ್ ದಂಡದ ಚೀಟಿಯನ್ನು ಫ್ರಿಜ್ಜಿನ ಮೇಲಿಟ್ಟು ಮರೆತ. ಅದು ಅಲ್ಲೇ ಕೂತು ಮರಿ ಹಾಕಿತು. ಮಂಗಳವಾರ ಬೆಳಿಗ್ಗೆ ಜಪ್ತಿ ಅಮೀನ ಡೆನ್ಬಿ ಬಾಗಿಲು ಬಡಿದಾಗ ಮೊತ್ತ ಆರುನೂರ ಐವತ್ತೊಂಬತ್ತಾಗಿತ್ತು.

"ಕಟ್ತೀರೋ, ಸಾಮಾನು ಬರ್ಕೊಳ್ಲೋ?"

ಕ್ಲಿಫರ್ಡನ ಬಳಿ ಅಷ್ಟು ಹಣವಿರಲಿಲ್ಲ. ಇದ್ದದ್ದು ಗೋಡೆಯಗಲದ ಹೊಸ ಟೀವಿ. ಶನಿವಾರ ಫುಟ್‌ಬಾಲ್ ಕಪ್ ಫೈನಲ್. ಪೆಚ್ಚಾಗಿ ಚಿಲಕಕ್ಕೆ ಕೈ ಹಾಕಿದ್ದನಷ್ಟೇ, ಪಕ್ಕದ ಮನೆಯ ಮುದುಕಿ ಮಾವಿಸ್ ಹಿತ್ತಲ ಬಾಗಿಲಿನಿಂದ ನುಗ್ಗಿ, ಅದಕ್ಕೂ ಅಗಳಿ ಹಾಕಿದಳು.

"ತೆಗೀಬೇಡ್ವೋ ದಡ್ಡ! ನೀನಾಗಿ ಒಳಗೆ ಬಿಡೋ ತನಕ ಅವನು ಹೊಸ್ತಿಲು ದಾಟೋ ಹಾಗಿಲ್ಲ. ಒಂದ್ಸಲ ಒಳಗೆ ಬಂದ್ನೋ, ನಿನ್ನ ಟೀವಿ ಹೋಯ್ತು ಅಂತ್ಲೇ ತಿಳ್ಕೋ."

ಡೆನ್ಬಿ ಬಾಗಿಲಿನ ಅಂಚೆಕಿಂಡಿಯಲ್ಲಿ ತೂರಿಸಿದ್ದ ಬಿಲ್ಲನ್ನು ಕನ್ನಡಕ ಏರಿಸಿ ಓದಿದಳು. ಆ ಕಿಂಡಿಗೇ ಬಾಯಿಟ್ಟಳು.

"ಏನಪ್ಪಾ, ಭೇಟಿ ಶುಲ್ಕ ಇನ್ನೂರ ಮೂವತ್ತೈದು, ಕೆಳಗೆ ಮತ್ತೆ ಇನ್ನೂರ ಮೂವತ್ತೈದು?"

"ಎರಡು ಸಲ ಬಂದಿದ್ದೀನಲ್ಲಮ್ಮಾ."

"ನೂರು ಸಲ ಬಾ, ಯಾರು ಬೇಡ ಅಂದ್ರು? ಶುಲ್ಕ ಒಂದೇ ಸಲ. ಕಾನೂನು ನನಗೂ ಗೊತ್ತು. ನನ್ನ ತಮ್ಮನ ಮನೆಗೂ ನಿಮ್ಮೋರು ಬಂದಿದ್ರು!"

ಮಳೆ ಶುರುವಾಯಿತು. ಡೆನ್ಬಿ ಕಚೇರಿಗೆ ಫೋನ್ ಹಚ್ಚಿದ. ಅವರು ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರು. ಎದುರುಮನೆಯ ರೆಜ್ ಕೊಡೆ ಹಿಡಿದು ಕುರ್ಚಿ ಹಾಕಿಕೊಂಡು ಕೂತ. "ಬಿಡಬೇಡ ಕ್ಲಿಫರ್ಡ್! ಫೈನಲ್‌ಗೆ ನಾವೆಲ್ಲ ನಿಮ್ಮನೇಗೇ ಬರೋದು!" ಡೆನ್ಬಿ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಅಂಚಿನಿಂದ ಕುಸಿಯತೊಡಗಿದ.

ಕೊನೆಗೆ ಕಿಂಡಿಯಲ್ಲಿ ಅವನ ದನಿ ಕೇಳಿತು. "ಒಂದು ಶುಲ್ಕ ತೆಗೆದ್ರು ಸಾರ್. ತಪ್ಪು ನಮ್ದೇ. ಮಿಕ್ಕಿದ್ದಕ್ಕೆ ಕಂತು ಕೇಳಿ ಬರೀರಿ. ನೀವು ಒಳಗೆ ಬಿಡ್ಲಿಲ್ಲ ಅಂದ್ಮೇಲೆ ನಾನಾದ್ರೂ ಏನು ಮಾಡ್ಲಿ?"

ಗೆಲುವಿನ ಸುದ್ದಿಯನ್ನು ಬೀದಿಗೆಲ್ಲ ಹಂಚಲು ಮಾವಿಸ್ ಹಿತ್ತಲಿನಿಂದಲೇ ಓಡಿದಳು. ಕ್ಲಿಫರ್ಡ್ ಕಿಂಡಿಯಲ್ಲಿ ಇಣುಕಿದ. ಡೆನ್ಬಿಯ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗೆದ್ದವನಿಗೆ ಉದಾರವಾಗಿರುವುದು ಸುಲಭ. ಬಾಗಿಲು ತೆರೆದೇಬಿಟ್ಟ.

"ಛೆ, ಬೆಳಿಗ್ಗೆಯಿಂದ ನೆನೀತಿದ್ದೀರಿ. ಒಳಗೆ ಬನ್ನಿ, ಒಂದು ಕಪ್ ಟೀ ಕುಡ್ಕೊಂಡು ಹೋಗಿ."

ಡೆನ್ಬಿ ಒಂದು ಕ್ಷಣ ಅವನ ಮುಖ ನೋಡಿದ. ಚಾಪೆಯ ಮೇಲೆ ಬೂಟು ಚೆನ್ನಾಗಿ ಒರೆಸಿಕೊಂಡ. ಒಳಗೆ ಬಂದ. ಜೇಬಿನಿಂದ ಪೆನ್ನು ತೆಗೆದ.

ತಾನು ಮಾಡಿದ್ದೇನೆಂದು ಕ್ಲಿಫರ್ಡನಿಗೆ ಹೊಳೆಯುವಷ್ಟರಲ್ಲಿ ಕೆಟಲ್ ಕುದಿದಿತ್ತು. ಹುಟ್ಟಿನಿಂದ ಬಂದ ಅಭ್ಯಾಸ, ಬಾಯಿ ತಾನಾಗಿ ಕೇಳಿತು:

"ಸಕ್ಕರೆ ಎಷ್ಟು ಸಾರ್?"

"ಎರಡು," ಎಂದ ಡೆನ್ಬಿ, ಪಟ್ಟಿಯಿಂದ ತಲೆಯೆತ್ತದೆ. "ಟೀವಿ ಒಂದು."