ನನ್ನ ಸಿಟ್ಟಿಗೆ ಕುದುರೆ ಚಿಕಿತ್ಸೆ

ಮನುಷ್ಯನ ಒಳಗಿನ ಸಿಟ್ಟು ಕುದುರೆಗೆ ಹೇಗೆ ಗೊತ್ತಾಗುತ್ತದೆ? ಈ ಗಹನವಾದ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು, ಹೆಂಡತಿ ಸುಮನಾ ಫೋನು ಹಿಡಿದು ಬಂದ ದಿನ.

"ರೀ, ಇಲ್ನೋಡಿ. ಕುದುರೆ ಪಳಗಿಸ್ತಾ ಪಳಗಿಸ್ತಾ ಮನುಷ್ಯರೂ ಸರಿ ಹೋಗ್ತಾರಂತೆ. ನಿಮ್ಮ ಹೆಸರು ಬರೆಸಿದೀನಿ."

"ನನಗೇನಾಗಿದೆ?" ಎಂದೆ. ಪಕ್ಕದ ಫ್ಲ್ಯಾಟಿನ ಮಗು ಎಚ್ಚರವಾಗಿ ಅಳತೊಡಗಿತು.

ಆಗಿದ್ದು ಇಷ್ಟು. ಹದಿಮೂರರ ಮಗಳು ಇಂಚರಾ ಲೆಕ್ಕ ತಪ್ಪು ಮಾಡಿದಳೆಂದು ಅವಳ ಗೆಳತಿಯರ ಎದುರೇ ಅರಚಾಡಿದ್ದೆ. ಅಂದಿನಿಂದ ಹದಿನೈದು ದಿನ, ಊಟಕ್ಕೆ ಕರೆದರೆ "ಓಕೆ", ಶಾಲೆ ಹೇಗಿತ್ತೆಂದರೆ "ಫೈನ್". ಗಲ್ಫಿನ ಈ ಊರಲ್ಲಿ, ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ಹನ್ನೊಂದು ಜನರನ್ನು ಆಳುವ ನನಗೆ ಮನೆಯಲ್ಲಿ ಎರಡೇ ಶಬ್ದದ ಭಾಗ್ಯ! ತಮಾಷೆಯಲ್ಲ, ಅವಳು ಬಾಗಿಲು ಹಾಕಿಕೊಂಡಾಗಲೆಲ್ಲ ಹೊರಗೆ ನಿಂತು ಆ ಬಾಗಿಲನ್ನೇ ನೋಡುತ್ತಿದ್ದೆ.

ಶನಿವಾರ ಬೆಳಿಗ್ಗೆ ಅಲ್ ಕುಸೈಸ್‌ನ ಮನೆಯಿಂದ ಮೂವರೂ ಹೊರಟೆವು. ಕುದುರೆ ನೋಡೋದಾದರೆ ಬರುತ್ತೇನೆಂದು ಇಂಚರಾ ಅಮ್ಮನಿಗೆ ಹೇಳಿದ್ದಳು. ಕುದುರೆ ತಾನಾಗಿ ನನ್ನ ಬಳಿ ಬಂದು ನಿಂತರೆ ಮಗಳೂ ಬಂದಾಳು ಎಂಬುದು ನನ್ನ ಆಸೆ. ಮುನ್ನೆಚ್ಚರಿಕೆಯಾಗಿ ಪ್ಯಾಂಟಿನ ಜೇಬಿಗೆ ಒಂದು ಅಚ್ಚು ಬೆಲ್ಲ ಸೇರಿಸಿಕೊಂಡೆ. ಮಂಡ್ಯದ ಬೆಲ್ಲ. ಬೇಡವೆನ್ನುವ ಪ್ರಾಣಿ ಈ ಭೂಮಿಯ ಮೇಲಿಲ್ಲ!

ಮರಳುಗಾಡಿನ ಅಂಚಿನ ಲಾಯದಲ್ಲಿ ತರಬೇತುದಾರ ನಾಸಿರ್ ಕಾದಿದ್ದರು. ಉಡುಪಿ ಕಡೆಯವರು.

"ಇಲ್ಲಿ ಸವಾರಿ ಇಲ್ಲ ಸರ್. ಹಗ್ಗ ಇಲ್ಲ, ತಿನ್ಲಿಕ್ಕೆ ಕೊಡ್ಲಿಕ್ಕಿಲ್ಲ. ಬೇಲಿಯೊಳಗೆ ಸುಮ್ನೆ ನಿಲ್ಲುವುದು. ಮನಸ್ಸು ಶಾಂತ ಆದ್ರೆ ಕುದುರೆ ತಾನೇ ಬರ್ತದೆ."

"ಅಷ್ಟೇನಾ?" ಎಂದು, ತಿನ್ನುವ ಮಾತು ಕೇಳಿಸಲೇ ಇಲ್ಲವೆಂಬಂತೆ ಒಳಗೆ ಹೋದೆ.

ನೂರಾ ಎಂಬ ಕಂದು ಕುದುರೆ ನನ್ನನ್ನೊಮ್ಮೆ ನೋಡಿ, ಬೆನ್ನು ತಿರುಗಿಸಿ ನಿಂತಿತು. ಒಂದು ಕಿವಿ ಮಾತ್ರ ನನ್ನತ್ತ. ಕುದುರೆಯ ಕಿವಿಗಳು ಎರಡು ದಿಕ್ಕಿಗೆ ತಿರುಗುತ್ತವೆಂದು ನನಗೆ ಗೊತ್ತಾಗಿದ್ದೇ ಅಂದು! ಆ ಒಂದು ಕಿವಿಯಲ್ಲಿ ಅದು ನನ್ನೊಳಗಿನ ಏನನ್ನು ಕೇಳಿಸಿಕೊಳ್ಳುತ್ತಿದೆ? ಕಣ್ಣು ಮುಚ್ಚಿ ಉಸಿರೆಳೆದೆ. ಬರಲಿಲ್ಲ. ಮುಗುಳ್ನಕ್ಕೆ. ಬರಲಿಲ್ಲ. ಹತ್ತು ನಿಮಿಷ ಶಾಂತನಾಗಿದ್ದು ಸಾಕುಸಾಕಾಯಿತು.

"ಏಯ್, ಬಾ ಇಲ್ಲಿ! ಕರೆಯೋದು ಕೇಳಿಸ್ತಿಲ್ವಾ?"

ಕುದುರೆ ಆ ತುದಿಗೆ ಓಡಿತು. ಬೇಲಿಯಾಚೆ ನಿಂತಿದ್ದ ಇಂಚರಾಳೂ ಎರಡು ಹೆಜ್ಜೆ ಹಿಂದೆ ಸರಿದಳು. ಅದನ್ನು ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು.

"ಎಂತ ಮಾರಾಯ್ರೆ, ಕುದುರೆಗೂ ಬೈಯುದಾ?" ಎಂದರು ನಾಸಿರ್.

ಅಷ್ಟರಲ್ಲಿ ಬಿಸಿಲೇರಿ, ಬೆಲ್ಲ ಕರಗಿ ತೊಡೆಗೆ ಅಂಟತೊಡಗಿತು. ಗಾಳಿ ಬೀಸಿತು. ನೂರಾಳ ಮೂಗಿನ ಹೊಳ್ಳೆ ಅರಳಿತು. ಬಂತು, ಮೆಲ್ಲಗೆ ಬಂತು, ಬಂದೇ ಬಿಟ್ಟಿತು!

"ನೋಡಿ, ಈಗ ಮನಸ್ಸು ಶಾಂತ ಆಯ್ತು!" ನಾಸಿರ್ ಕೈಮುಗಿಯುವುದೊಂದು ಬಾಕಿ. ಸುಮನಾ ವಿಡಿಯೋ ಮಾಡುತ್ತಲೇ ಕಣ್ಣೊರೆಸಿಕೊಂಡಳು. ನಾನು ಮಹಾತ್ಮನ ಮುಖಭಾವ ತಾಳಿದೆ. ನೂರಾ ನನ್ನೆದುರು ತಲೆ ಬಗ್ಗಿಸಿತು. ಗೌರವವೇ ಇರಬೇಕು ಎಂದುಕೊಂಡೆ. ಜೇಬಿಗೆ ಬಾಯಿ ಹಾಕಿತು!

ಓಡಿದೆ. ಅದೂ ಓಡಿತು. ಪರ್ರ್! ಜೇಬಿನ ಜೊತೆಗೆ ಪ್ಯಾಂಟಿನ ಒಂದು ಪಾರ್ಶ್ವವೂ ಅದರ ಬಾಯಲ್ಲಿತ್ತು.

ನಾಸಿರ್ ಆ ಬಟ್ಟೆ ಕಸಿದುಕೊಂಡು ಮೂಸಿದರು. "ಬೆಲ್ಲವಾ ಸರ್? ಖಲಾಸ್. ಇವತ್ತಿಗೆ ಸಾಕು." ಕುದುರೆಗೆ ಹೊದಿಸುವ ಕಂಬಳಿಯನ್ನು ನನಗೆ ಸುತ್ತಿ ಕಳಿಸಿದರು.

ಕಂಬಳಿಯ ವಾಸನೆ ತಡೆಯಲಾರದೆ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿದೆವು. ಸುಮನಾ ನಕ್ಕು ನಕ್ಕು ಸುಸ್ತಾಗಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಸೀಟಿನಿಂದ ಪೂರ್ತಿ ವಾಕ್ಯವೊಂದು ಬಂತು. ಅದೂ ಕನ್ನಡದಲ್ಲಿ!

"ಅಪ್ಪಾ, ಇಷ್ಟೆಲ್ಲಾ ಯಾಕೆ ಮಾಡ್ದೆ? ಸುಮ್ನೆ 'ಸಾರಿ' ಅಂದಿದ್ರೆ ಸಾಕಾಗಿತ್ತು."

"ಯಾರಿಗೆ? ಕುದುರೆಗಾ?"

"ಅಲ್ಲ. ನಂಗೆ."

ಹದಿನೈದು ದಿನದಿಂದ ಈ ಮಾತು ನನಗೇ ಹೊಳೆದಿರಲಿಲ್ಲವಲ್ಲ!

"ಸಾರಿ ಕಣಮ್ಮಾ!" ಎಂದೆ. ಅಭ್ಯಾಸಬಲ, ಅರಚಿಯೇ ಎಂದೆ. ಪಕ್ಕದ ಟ್ಯಾಕ್ಸಿಯವನು ಬೆಚ್ಚಿ ತಿರುಗಿ, ಪರವಾಗಿಲ್ಲವೆಂದು ಕೈಯೆತ್ತಿ, "ಮಾಫಿ ಮುಷ್ಕಿಲ್, ಭಾಯಿ," ಎಂದು ನನ್ನನ್ನು ಕ್ಷಮಿಸಿದ.

ಮಗಳು ಮಾತ್ರ, "ಇನ್ನೊಂದ್ಸಲ ಅಪ್ಪಾ. ಮೆಲ್ಲಗೆ," ಎಂದಳು.

ಮೂರನೆಯ ಪ್ರಯತ್ನದಲ್ಲಿ ಪಾಸಾದೆ.