ಕಾಕಾ ಮಾಡಿದ ಕಾರಿನ ಮೂಗು

ನಮ್ಮ ಕಾಕಾನ ತಲೆ ಕೆಟ್ಟಿದೆ ಎಂದು ಗೋಕಾಕದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಅದು ಒಂದು ಕಾರಿನ ಮೂಗಿನೊಳಗೆ ಸಿಕ್ಕಿಕೊಂಡಿದೆ, ಅಷ್ಟೇ! ಆ ಕಾರಿನಲ್ಲಿ ಕಾಕಾನ ಪಕ್ಕ ಕೂತು ಜೀವಸಹಿತ ಇಳಿದು ಬಂದವನು ನಾನು. ಆದ್ದರಿಂದ ಅವಸರ ಮಾಡದೆ, ಕಂಡದ್ದನ್ನಷ್ಟೇ ಹೇಳುತ್ತೇನೆ.

ಕಾಕಾ ತಗಡಿನ ಕೆಲಸದವನು. ಟ್ರಂಕು, ಡಬ್ಬಿ, ಎಣ್ಣೆ ಸುರಿಯುವ ಲಾಳಿಕೆ, ಏನು ಕೇಳಿದರೂ ಬಡಿದು ಕೊಡುತ್ತಾನೆ. ಇಂಥವನು ಒಂದು ದಿನ ಗುಜರಿಯಿಂದ ಪುಟ್ಟ ಸ್ಪೋರ್ಟ್ಸ್ ಕಾರೊಂದನ್ನು ಬಿಡಿಸಿಕೊಂಡು ಬಂದ. ಕೆಂಪು ಬಣ್ಣ, ಎರಡೇ ಸೀಟು, ಎತ್ತರ ನಮ್ಮ ಮನೆಯ ಕಟ್ಟೆಗಿಂತ ತುಸು ಹೆಚ್ಚು.

ಯಾರಿಗೆ? ನಮ್ಮ ಕಾಕುಗೆ, ಕಾಕಾನ ಹೆಂಡತಿಗೆ! ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಅವಳ ಕಿವಿ ಮಂದವಾಗಿತ್ತು. ಕಿವಿಗೆ ಮಷೀನು ಹಾಕಿದರೆ ತಲೆಯೊಳಗೆ ಸಂತೆ ಕೂಡುತ್ತದೆ ಎಂದು ತೆಗೆದಿಟ್ಟಿದ್ದಳು. ಮೂಡಲಗಿಯ ಅಕ್ಕನ ಮನೆಗೆ ನೆವ ಹುಡುಕಿ ಹೋಗುತ್ತಿದ್ದವಳು ಹೊಸ್ತಿಲು ದಾಟುವುದನ್ನೇ ಬಿಟ್ಟಳು.

“ಮಂದಿ ಮಾತಾಡಿ ನಗತಾರ. ಏನಂದ್ರು ಅಂತ ತಿಳೀದ ನಾನೂ ಹಲ್ಲ ಕಿಸ್ಕೊಂಡ ಕುಂದ್ರಬೇಕೇನು?” ಎಂದು ನನ್ನನ್ನೇ ಕೇಳಿದ್ದಳು.

ಕಾಕಾ ಕಾರಿನ ಬಾಗಿಲು ತೆರೆದು ನಿಂತು, ಒಂದು ಸುತ್ತು ಹೋಗಿ ಬರೋಣ ಎಂದು ಕೈಸನ್ನೆ ಮಾಡಿ ಕರೆದ. ಕಾಕು ಅಂದಳು: “ನಾ ಅಡಗಿಮನ್ಯಾಗ ಇದ್ದಾಗ ನಿಮ್ಮ ಗಾಡಿ ಸಪ್ಪಳ ಕೇಳಸ್ಲಿ, ಅವತ್ತ ಹತ್ತತೇನಿ.” ತಪ್ಪಿಸಿಕೊಳ್ಳಲು ಹೇಳಿದ ಮಾತು ಅದು. ಕಾಕಾ ಅದನ್ನು ಕೋರ್ಟಿನ ಹುಕುಂ ಎಂದು ತಿಳಿದ!

“ಸೈಲೆನ್ಸರ್ ತಗದ್ರ ಆತಲ್ಲ ಕಾಕಾ?” ಎಂದೆ.

“ಲೇ ಶ್ಯಾಣ್ಯಾ, ಹಿಂದ ಒದರಿದ್ರ ಪೊಲೀಸ್ರು ಹಿಡೀತಾರ. ಮೂಗಿನ್ಯಾಗ ಗುರುಗುಟ್ಟಿದ್ರ ಯಾವ ಕಾಯ್ದೆ ಐತಿ?”

ಎಂಜಿನ್ನು ಗಾಳಿ ಎಳೆದುಕೊಳ್ಳುವ ಕಡೆ ಕಂಪನಿಯವರು ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟಿರುತ್ತಾರೆ. ಸಪ್ಪಳವನ್ನು ನುಂಗುವ ಡಬ್ಬಿ. ಕಾಕಾ ಅದನ್ನು ಕಿತ್ತು, ತನಗೆ ಗೊತ್ತಿದ್ದ ವಿದ್ಯೆಯಂತೆ ಒಂದು ದೊಡ್ಡ ಲಾಳಿಕೆ ಕೂರಿಸಿದ. ಕಸ ಒಳಗೆ ಹೋಗದಂತೆ ಅದರ ಬಾಯಿಗೆ ಕಾಕುವಿನ ಹಿಟ್ಟು ಸೋಸುವ ಸಾಣಿಗೆಯ ಜಾಳಿಗೆ ಕತ್ತರಿಸಿ ಬಿಗಿದ. ಆ ವಾರವೆಲ್ಲ ನಮ್ಮ ರೊಟ್ಟಿಯಲ್ಲಿ ತೌಡು; ಕಾರಿನ ಹೊಟ್ಟೆ ಮಾತ್ರ ಸ್ವಚ್ಛ!

ಪರೀಕ್ಷೆಗೆಂದು ಮಮದಾಪುರದ ಕಡೆ ಹೊರಟೆವು. ತೆಳು ತಗಡು ನಡುಗಿ, ಕಾರು “ಬ್ಯಾಂ…” ಎಂದು ಒಂದೇ ಸಮನೆ ಒದರತೊಡಗಿತು. ಹೊಲದಲ್ಲಿ ಮೇಯುತ್ತಿದ್ದ ಕುರಿಗಳು ತಲೆಯೆತ್ತಿದವು. ನಾನು ಹಿಂದಿರುಗಿ ನೋಡುತ್ತೇನೆ, ಇಡೀ ಹಿಂಡು ರಸ್ತೆಗಿಳಿದು ನಮ್ಮ ಬೆನ್ನು ಹತ್ತಿದೆ! ಅದರ ಹಿಂದೆ ಕಂಬಳಿ ಹಾರಿಸಿಕೊಂಡು ಕುರುಬ.

“ಓ ಯಜಮಾನ್ರ, ಆ ಟಗರಿನ ಬಾಯಿ ಮುಚ್ಚಸ್ರೀ!”

ಕಾಕಾ ಗಾಡಿ ನಿಲ್ಲಿಸಿದ. ಕುರಿಗಳು ಕಾರನ್ನು ಮೂಸಿ ನೋಡಿ, ಮೋಸವಾಯಿತೆಂದು ತಿಳಿದು ಮರಳಿ ಹೋದವು. ಕುರುಬ ಮಾತ್ರ ಬಹಳ ಹೊತ್ತು ಬಾನೆಟ್ಟನ್ನೇ ನೋಡುತ್ತಾ ನಿಂತಿದ್ದ.

ಹುಕ್ಕೇರಿಯಲ್ಲಿ ಕಾಕಾನ ಗೆಳೆಯರಾದ ಸಾಬರೊಬ್ಬರು ಗ್ಯಾರೇಜು ನಡೆಸುತ್ತಾರೆ. ಅವರು ತಲೆ ಬಗ್ಗಿಸಿ ನೋಡಿ, “ಕೊಳವಿ ಗಿಡ್ಡಾತು, ಅದಕ್ಕ ಕುರಿ ಆಗೇತಿ. ದಪ್ಪ ತಗಡಿಂದು ಉದ್ದ ಮಾಡ, ಹೋರಿ ಆಗ್ತೈತಿ” ಎಂದರು. ಕಾಕಾ ಅಲ್ಲೇ ಕೂತು ಮಾಡಿದ. ಆದರೆ ಜನ್ಮದ ರೂಢಿ ನೋಡಿ, ಕೊಳವೆಯ ಸಂದುಗಳಿಗೆ ಲಾಳಿಕೆಗೆ ಹಾಕಿದಂತೆ ತವರದ ಬೆಸುಗೆ ಹಾಕಿದ. ಹುಕ್ಕೇರಿಯಿಂದ ಮರಳುವಾಗ ಎಂಜಿನ್ನಿನ ಕಾವಿಗೆ ಬೆಸುಗೆ ಬೆಣ್ಣೆಯಂತೆ ಕರಗಿತು. ಕೊಳವೆ ಕಳಚಿ ಕೆಳಗೆ ಬಿತ್ತು. ಕಾರು ಭಯಂಕರವಾಗಿ ಸೀನಿ, ಕಬ್ಬಿನ ಟ್ರ್ಯಾಕ್ಟರಿನ ಮುಂದೆಯೇ ನಿಂತಿತು. ಟ್ರ್ಯಾಕ್ಟರಿನ ಚಾಲಕ ನಮಗೆ ಏನೇನು ಅಂದ ಎಂಬುದನ್ನು ಬರೆಯಲಾರೆ.

“ಲಾಳಿಕಿಗೆ ಯಾರರ ಬೆಂಕಿ ಹಚ್ತಾರೇನ ತಮ್ಮಾ?” ಎಂದ ಕಾಕಾ, ನನ್ನದೇ ತಪ್ಪು ಎಂಬಂತೆ.

ಮೂರನೆಯ ಕೊಳವೆಗೆ ಬೆಸುಗೆಯೇ ಇಲ್ಲ. ಟ್ರಂಕಿನ ಅಂಚಿನ ಹಾಗೆ ಮಡಚಿ, ಬಡಿದು ಕೂಡಿಸಿದ್ದ. ಬಾಯಿಗೆ ಸರಿಯಾದ ಫಿಲ್ಟರು. ನಮ್ಮ ಓಣಿಯಲ್ಲಿ ಕಾರು ನಿಲ್ಲಿಸಿ, ಅಡುಗೆಮನೆಯ ಕಿಟಕಿಗೆ ಮೂಗು ತಿರುಗಿಸಿ ಎಕ್ಸಲರೇಟರ್ ಒತ್ತಿದ. ಅಬ್ಬಾ! ಹೋರಿಯೇ! ಅಲ್ಲ, ಹೋರಿಗಳ ಜಾತ್ರೆ! ಪತ್ರಾಸ್ ತಗಡಿನ ಮಾಡು ನಡುಗಿತು. ನೆರೆಯವರೆಲ್ಲ ಕಿವಿಯಲ್ಲಿ ಬೆರಳಿಟ್ಟುಕೊಂಡು ಹೊರಗೆ ಬಂದರು. ಕಿಟಕಿಯಲ್ಲಿ ಕಾಕುವಿನ ಬೆನ್ನು ಕಾಣುತ್ತಿತ್ತು. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಲೇ ಇದ್ದಳು.

ಕಾಕಾನ ಮುಖವನ್ನು ನಾನು ನೋಡಿದೆ. ಆ ಮೇಲೆ ನೋಡಲಾಗಲಿಲ್ಲ. ಆದರೂ ಅವನು ಕಾಲು ತೆಗೆಯಲಿಲ್ಲ.

ಆಗ ಕಾಕು ಮುಸುರೆ ನೀರು ಚೆಲ್ಲಲು ಹೊರಗೆ ಬಂದಳು. ಬಂದವಳು ಹಾಗೇ ನಿಂತಳು. ಎದುರುಮನೆಯಾಕೆ ಏನೋ ಕೂಗುತ್ತಿದ್ದಾಳೆ, ಕಾಕಾ “ಆಂ?” ಎನ್ನುತ್ತಿದ್ದಾನೆ. ನಾನು ಕಾಕಾನಿಗೆ ಸಾಕು ಎನ್ನುತ್ತಿದ್ದೇನೆ, ಅವನು ನನಗೂ “ಆಂ?” ಎನ್ನುತ್ತಿದ್ದಾನೆ. ಓಣಿಗೆ ಓಣಿಯೇ ಕಿವಿಗೆ ಕೈಯಾನಿಸಿ “ಆಂ? ಆಂ?” ಎನ್ನುತ್ತಿದೆ!

ಕಾಕು ಬೋಗುಣಿ ಕೆಳಗಿಟ್ಟು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕಾಕಾ ಗಾಡಿ ಬಂದ್ ಮಾಡಿದ.

“ಕೇಳಿಸ್ತೇನ?” ಅವನ ದನಿ ಸಣ್ಣಗಾಗಿತ್ತು. ತುಟಿ ನೋಡಿ ಅವಳಿಗೆ ತಿಳಿಯಿತು.

“ಇಲ್ಲರಿ.”

“ಮತ್ತ ನಗ್ತೀ?”

“ಎಲ್ಲಾರೂ ನನ್ನಂಗ ಆಗ್ಯಾರಲ್ಲ!” ಎಂದು ಸೆರಗಿಗೆ ಕೈ ಒರೆಸಿಕೊಂಡು ಕಾರಿನ ಹತ್ತಿರ ಬಂದಳು. “ಕರಾರು ಹಾಕಿದಾಕಿ ನಾನು, ಮುರಿಯಾಕಿನೂ ನಾನ. ಇದರಾಗ ಹತ್ತಬೇಕೋ, ಇಳೀಬೇಕೋ? ಮೂಡಲಗಿಗೆ ನಡೀರಿ, ಅಕ್ಕನ ಮನಿಗೆ.”

ನಾನು ಬೈಕಿನಲ್ಲಿ ಹಿಂದೆ ಹೊರಟೆ. ಕಾರಿನ ಮೇಲ್ಛಾವಣಿ ಮಡಚಿತ್ತು, ಇಬ್ಬರೂ ಚೆನ್ನಾಗಿ ಕಾಣುತ್ತಿದ್ದರು. ಕಾಕು ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಜ್ವರ ಬಂದಂದಿನಿಂದ ಉಳಿದ ಮಾತೆಲ್ಲ ಇತ್ತೋ ಏನೋ. ಆ ಗುರುಗುಟ್ಟುವಿಕೆಯಲ್ಲಿ ಕಾಕಾನಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ. ಹಾಗಾಗಿ ಅವಳ ತುಟಿಯನ್ನೇ ನೋಡುತ್ತಿದ್ದ. ರಸ್ತೆ ನೋಡುತ್ತಿರಲಿಲ್ಲ!

ನಾನು ಹಾರ್ನ್ ಬಾರಿಸಿದೆ. ಮತ್ತೆ ಮತ್ತೆ ಬಾರಿಸಿದೆ. ಇಬ್ಬರಿಗೂ ಕೇಳಲಿಲ್ಲ.